‘ಅಲ್ಲಿ ಏನಾದ್ರೂ ಸಿಕ್ತಾ?’

ನಾನು ಭೂವಿಜ್ಞಾನಿ. ಕಲ್ಲು ನೋಡುವುದೇ ನನ್ನ ಕೆಲಸ. ಅಂಟಾರ್ಕ್ಟಿಕಾದ ನಮ್ಮ ‘ಭಾರತಿ’ ಕೇಂದ್ರದಲ್ಲಿ ಒಂದು ಬೇಸಿಗೆ ಕಳೆದು ಊರಿಗೆ ಬಂದಾಗ ಸಿಕ್ಕವರೆಲ್ಲ ಕೇಳಿದ್ದು ಒಂದೇ: ‘ಅಲ್ಲಿ ಏನಾದ್ರೂ ಸಿಕ್ತಾ? ಚಿನ್ನ, ವಜ್ರ, ಪೆಟ್ರೋಲು?’ ಈಗಲೂ ಕೇಳುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಂಟಾರ್ಕ್ಟಿಕಾದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿ.ಮೀ. ಭಾರತದಂಥ ನಾಲ್ಕು ದೇಶಗಳನ್ನು ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಅದರ ಮೇಲಿನ ಹಿಮದ ಹೊದಿಕೆ ಸರಾಸರಿ ಎರಡು ಕಿ.ಮೀ. ದಪ್ಪ. ಬರಿ ಕಲ್ಲು ಕಾಣುವುದು 2%ಕ್ಕಿಂತ ಕಡಿಮೆ ಜಾಗದಲ್ಲಿ. ಭಾರತಿ ಇರುವ ಲಾರ್ಸೆಮನ್ ಬೆಟ್ಟಗಳು ಅಂಥ ಒಂದು ಜಾಗ. ಪ್ರಿಡ್ಜ್ ಕೊಲ್ಲಿಯ ದಂಡೆ ಅದು.

ಅಲ್ಲಿನ ಕಲ್ಲನ್ನು ಮೊದಲ ದಿನ ಕೈಯಲ್ಲಿ ಹಿಡಿದಾಗ ಮನಸ್ಸು ತುಂಬಿ ಬಂದಿತ್ತು. ಬೂದು ಬಣ್ಣದ, ‘ನೈಸ್’ (gneiss) ಎಂಬ ಜಾತಿಯ ಶಿಲೆ. ಅದರೊಳಗೆ ದಾಳಿಂಬೆ ಕಾಳಿನಂತೆ ಕೆಂಪು ಗಾರ್ನೆಟ್ ಹರಳು. ವಿಶಾಖಪಟ್ಟಣದ ಕೈಲಾಸಗಿರಿಯಲ್ಲಿ ಸಿಗುವ ಖೊಂಡಲೈಟ್ ಕಲ್ಲಿಗೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಗೊಂಡ್ವಾನ ಎಂಬ ಒಂದೇ ದೊಡ್ಡ ಭೂಭಾಗ ಇದ್ದಾಗ ನಮ್ಮ ಪೂರ್ವ ಘಟ್ಟ ಈ ದಂಡೆಗೆ ಅಂಟಿಕೊಂಡಿತ್ತು. ಸುಮಾರು 13 ಕೋಟಿ ವರ್ಷಗಳ ಹಿಂದೆ ಎರಡೂ ಬೇರೆಯಾದವು.

ಅಂದಮೇಲೆ ನಮ್ಮಲ್ಲಿ ಇರುವುದು ಅಲ್ಲೂ ಇರಬೇಕಲ್ವಾ? ಇದೆ. ಕೊಲ್ಲಿಯಿಂದ ಒಳಕ್ಕೆ ಹೋದರೆ ಪ್ರಿನ್ಸ್ ಚಾರ್ಲ್ಸ್ ಪರ್ವತಗಳು. ಅಲ್ಲಿನ ಬೀವರ್ ಸರೋವರದ ಸುತ್ತ ಕಲ್ಲಿದ್ದಲ ಪದರಗಳಿವೆ. ಅವು ಇರುವ ಕಣಿವೆ, ನಮ್ಮ ಒಡಿಶಾದ ತಾಲ್ಚೇರ್ ಕಲ್ಲಿದ್ದಲು ಇರುವ ಮಹಾನದಿ ಕಣಿವೆಯ ಮುಂದುವರಿದ ಭಾಗ ಎಂದು ಹಲವು ಭೂವಿಜ್ಞಾನಿಗಳು ಹೇಳುತ್ತಾರೆ. ಅದೇ ಪರ್ವತಸಾಲಿನ ರೂಕರ್ ಬೆಟ್ಟದಲ್ಲಿ ಕಬ್ಬಿಣವಿದೆ. ನಮ್ಮ ಕುದುರೆಮುಖದಲ್ಲಿ ತೆಗೆಯುತ್ತಿದ್ದಂಥ ಪಟ್ಟೆ ಪಟ್ಟೆ ಅದಿರು.

ಆದರೆ ಅದನ್ನು ತೆಗೆಯುವುದು ಬೇರೆ ಮಾತು. ಹಿಮ ನಿಂತಲ್ಲೇ ನಿಂತಿರುವುದಿಲ್ಲ. ತನ್ನದೇ ಭಾರಕ್ಕೆ ಸಮುದ್ರದ ಕಡೆ ನಿಧಾನವಾಗಿ ಹರಿಯುತ್ತಿರುತ್ತದೆ. ಅದರಲ್ಲಿ ಕೊರೆದ ಬಾವಿ ವರ್ಷ ಕಳೆದಂತೆ ಓರೆಯಾಗುತ್ತದೆ, ಮೇಲಿನ ಭಾರಕ್ಕೆ ಮುಚ್ಚಿಕೊಳ್ಳುತ್ತದೆ. ಇನ್ನು ಕಾನೂನು. 1991ರ ಮ್ಯಾಡ್ರಿಡ್ ಒಡಂಬಡಿಕೆ ಅಲ್ಲಿ ಗಣಿಗಾರಿಕೆಯನ್ನು ಪೂರ್ತಿ ನಿಷೇಧಿಸಿತು. ಸಂಶೋಧನೆಗೆ ಮಾತ್ರ ಅವಕಾಶ. 1998ರಿಂದ ಅದು ಜಾರಿಯಲ್ಲಿದೆ. ‘2048ಕ್ಕೆ ನಿಷೇಧ ಮುಗಿಯುತ್ತದೆ’ ಎಂದು ಎಲ್ಲ ಕಡೆ ಬರೆಯುತ್ತಾರೆ. ಅದು ತಪ್ಪು. ಆ ವರ್ಷದಿಂದ ಮುಂದೆ, ಮತ ಹಾಕುವ ಹಕ್ಕಿರುವ ಯಾವುದೇ ದೇಶ ಮರುಪರಿಶೀಲನೆಯ ಸಭೆ ಕರೆಯಬಹುದು, ಅಷ್ಟೇ. ನಿಷೇಧ ತಾನಾಗೇ ಬಿದ್ದುಹೋಗುವುದಿಲ್ಲ. ಭಾರತವೂ 2022ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಮಾಡಿದೆ.

ನನಗೆ ಅಲ್ಲಿ ನಿಜವಾದ ಸಿರಿ ಕಂಡದ್ದು ಕಲ್ಲಿನಲ್ಲಲ್ಲ. ಕೇಪ್‌ಟೌನಿನಿಂದ ಹೋಗುವಾಗ, ಹಡಗಿನ ಕಟಕಟೆ ಹಿಡಿದು ನಿಂತಿದ್ದಾಗ. ಹಡಗು ಸಮುದ್ರದ ಮೇಲಿನ ಮಂಜುಗಡ್ಡೆ ಒಡೆದುಕೊಂಡು ಹೋಗುತ್ತಿತ್ತು. ಒಡೆದ ಹಲಗೆಗಳು ಮಗುಚಿ ಬೀಳುತ್ತಿದ್ದವು. ಮೇಲೆಲ್ಲ ಅಚ್ಚ ಬಿಳುಪು, ಆದರೆ ತಳ ಮಾತ್ರ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು. ಕೊಳೆ ಅಂದುಕೊಂಡೆ. ಪಕ್ಕದಲ್ಲಿದ್ದ ಜೀವವಿಜ್ಞಾನಿ ಗೆಳತಿ, ‘ಕೊಳೆ ಅಲ್ಲ ಸರ್, ಪಾಚಿ. ಇಲ್ಲಿನ ಗದ್ದೆ ಇದೇ’ ಅಂದರು.

ಆ ಪಾಚಿಯನ್ನು ಮೇಯುವುದು ಕ್ರಿಲ್. ನೋಡಲು ಸಿಗಡಿಯ ಹಾಗೆ, ಆರು ಸೆಂಟಿಮೀಟರ್ ಉದ್ದ. ಒಂದೊಂದೂ ಒಂದೆರಡು ಗ್ರಾಂ ತೂಗುತ್ತದೆ. ಎಲ್ಲ ಸೇರಿದರೆ 30 ಕೋಟಿ ಟನ್ ದಾಟಬಹುದು ಎಂಬ ಅಂದಾಜಿದೆ. ದೊಡ್ಡ ಕ್ರಿಲ್ ಚಳಿಗಾಲವಿಡೀ ಹಸಿವು ತಡೆದುಕೊಳ್ಳುತ್ತದೆ. ಮರಿಗೆ ಅದು ಆಗದು, ಮೈಯಲ್ಲಿ ಕೊಬ್ಬಿರುವುದಿಲ್ಲ. ಅದು ಬದುಕುವುದು ಗಡ್ಡೆಯ ತಳದ ಪಾಚಿಯನ್ನು ಕೆರೆದು ತಿಂದೇ. ತಿಮಿಂಗಿಲ, ಸೀಲ್, ಪೆಂಗ್ವಿನ್, ಹಕ್ಕಿ ಎಲ್ಲಕ್ಕೂ ಕ್ರಿಲ್ ಅನ್ನ. ಅಡೆಲಿ ಪೆಂಗ್ವಿನ್‌ಗಳು ಇರುವ ಕಡೆ ನೆಲವೆಲ್ಲ ಗುಲಾಬಿ ಬಣ್ಣ. ಅದು ತಿಂದ ಕ್ರಿಲ್‌ನ ಬಣ್ಣ, ಹಿಕ್ಕೆಯಲ್ಲಿ ಹೊರಬಂದದ್ದು.

ನನ್ನ ಚಿಂತೆ ಇಲ್ಲಿಂದ ಶುರುವಾಗುತ್ತದೆ. ಕಲ್ಲಿಗೆ ಬೀಗ ಬಿದ್ದಿದೆ, ಸಮುದ್ರಕ್ಕೆ ಅಷ್ಟು ಗಟ್ಟಿ ಬೀಗ ಇಲ್ಲ. ಸಾಕುಮೀನಿನ ಮೇವಿಗೆ, ಒಮೆಗಾ-3 ಮಾತ್ರೆಗೆ ಕ್ರಿಲ್ ಹಿಡಿಯುತ್ತಾರೆ. ಅಟ್ಲಾಂಟಿಕ್ ಕಡೆಯ ನೀರಿನಲ್ಲಿ ವರ್ಷಕ್ಕೆ 6.2 ಲಕ್ಷ ಟನ್ ಮಿತಿ. ಒಟ್ಟು ಲೆಕ್ಕಕ್ಕೆ ಇದು ಜಾಸ್ತಿ ಅಲ್ಲ. ಆದರೆ ದೋಣಿಗಳು ಬಲೆ ಹಾಕುವುದು ಎಲ್ಲೆಂದರಲ್ಲಿ ಅಲ್ಲ. ಪೆಂಗ್ವಿನ್ ಮರಿಗೆ ಉಣಿಸುವ, ತಿಮಿಂಗಿಲ ಮೇಯುವ ದಂಡೆಯಲ್ಲೇ. ಆ ಮಿತಿಯನ್ನು ಬೇರೆ ಬೇರೆ ಭಾಗಗಳಿಗೆ ಹಂಚುತ್ತಿದ್ದ ನಿಯಮವೊಂದಿತ್ತು. ಈ ಮಿತಿ, ನಿಯಮ ಎಲ್ಲ ಗೊತ್ತುಮಾಡುವ ಅಂತರರಾಷ್ಟ್ರೀಯ ಆಯೋಗದ (CCAMLR) ಸದಸ್ಯ ದೇಶಗಳಲ್ಲಿ ಒಮ್ಮತ ಬಾರದೆ 2024ರಲ್ಲಿ ಅದು ಮುಂದುವರಿಯಲಿಲ್ಲ. ಆ ಸದಸ್ಯರಲ್ಲಿ ಭಾರತವೂ ಇದೆ. ಅಲ್ಲಿ ನಮ್ಮ ದನಿ ಜೋರಾಗಿ ಕೇಳಬೇಕು ಎಂಬುದು ನನ್ನ ಆಸೆ.

ಜೊತೆಗೆ ಗದ್ದೆಯೇ ಕರಗುತ್ತಿದೆ. 2023ರ ಚಳಿಗಾಲದಲ್ಲಿ ಅಲ್ಲಿನ ಸಮುದ್ರದ ಮಂಜುಗಡ್ಡೆ ಹರಡಿದ್ದು ಉಪಗ್ರಹ ದಾಖಲೆಯಲ್ಲೇ ಅತಿ ಕಡಿಮೆ. ಅದರ ಹಿಂದಿನ ವರ್ಷ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಗಡ್ಡೆ ಬೇಗ ಒಡೆಯಿತು. ಆ ಗಡ್ಡೆಯ ಮೇಲೇ ಮರಿ ಮಾಡುವ ಎಂಪರರ್ ಪೆಂಗ್ವಿನ್‌ಗಳ ಅಲ್ಲಿನ ಐದು ನೆಲೆಗಳಲ್ಲಿ ನಾಲ್ಕರಲ್ಲಿ ಮರಿಗಳು ಉಳಿಯಲಿಲ್ಲ. ನೀರಿನಲ್ಲಿ ಈಜಲು ಬೇಕಾದ ಗರಿ ಅವಕ್ಕೆ ಇನ್ನೂ ಬಂದಿರಲಿಲ್ಲ.

ನಾನು ಹೊರಡುವಾಗ ಅಕ್ಕನ ಮಗ, ‘ಮಾಮ, ನಂಗೊಂದು ಕಲ್ಲು ತಂದ್ಕೊಡು’ ಅಂದಿದ್ದ. ಅಲ್ಲಿಂದ ನೆನಪಿಗೆಂದು ಒಂದು ಚೂರನ್ನೂ ತರುವಂತಿಲ್ಲ. ಸಂಶೋಧನೆಯ ಮಾದರಿಗೂ ಅನುಮತಿ ಬೇಕು. ಆಮೇಲೆ ವಿಶಾಖಪಟ್ಟಣಕ್ಕೆ ಹೋದಾಗ ಗಾರ್ನೆಟ್ ಇರುವ ಒಂದು ಖೊಂಡಲೈಟ್ ಚೂರು ಹೆಕ್ಕಿ ತಂದುಕೊಟ್ಟೆ. ಇದರ ಒಡಹುಟ್ಟು ಅಲ್ಲೇ ಇದೆ ಕಣೋ ಅಂದೆ. ಅವನು ಅದನ್ನು ಮನೆಯ ಗ್ಲೋಬಿನ ಕೆಳಗಡೆ, ಬಿಳಿ ಬಣ್ಣ ಬಳಿದ ಭಾಗಕ್ಕೆ ಒತ್ತಿ ಹಿಡಿದು ನೋಡಿದ.