ಟ್ಯಾಂಕಿನ ಉಸಿರುಪೈಪು ಹಿಡಿಯಬೇಕಾದ ದಾರಿ

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಹುಡುಗನೊಬ್ಬ ನನ್ನ ಗ್ಯಾರೇಜಿಗೆ ಬೈಕು ತಂದ. ಹತ್ತು ಹನ್ನೆರಡು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ, ಆಮೇಲೆ ಮುಗ್ಗರಿಸಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಅಷ್ಟರಲ್ಲಾಗಲೇ ಪ್ಲಗ್ ಬದಲಾಗಿತ್ತು, ಕಾಯಿಲ್ ಬದಲಾಗಿತ್ತು, ಕಾರ್ಬೊರೇಟರ್ ಎರಡು ಸಲ ಬಿಚ್ಚಿಸಿಕೊಂಡಿತ್ತು. ನಾನು ಸ್ಪ್ಯಾನರ್ ಹಿಡಿಯದೆ ಬೈಕನ್ನು ರಸ್ತೆಗೆ ಒಯ್ದೆ. ಅದು ನಿಂತ ಜಾಗದಲ್ಲೇ ಟ್ಯಾಂಕಿನ ಮುಚ್ಚಳ ತೆರೆದಾಗ ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಒಂದೆರಡು ನಿಮಿಷದಲ್ಲಿ ಎಂಜಿನ್ ಚಾಲೂ ಆಯಿತು.

“ಇಷ್ಟೇ ಏನಣ್ಣ?” ಎಂದ.

ಇಷ್ಟೇ. ಎಣ್ಣೆ ಡಬ್ಬಿಗೆ ಒಂದೇ ತೂತು ಕೊರೆದರೆ ಎಣ್ಣೆ ಗುಳುಗುಳು ಎಂದು ತಡವರಿಸುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ಕೊರೆದರೆ ಸರಾಗವಾಗಿ ಸುರಿಯುತ್ತದೆ. ಟ್ಯಾಂಕಿಗೆ ಆ ಎರಡನೆಯ ತೂತೇ ಉಸಿರುಪೈಪು. ಇವನ ಬೈಕಿಗೆ ಹೊಸ ಬಣ್ಣ ಹೊಡೆಸಿ ಟ್ಯಾಂಕು ಕೂರಿಸಿದವರು ಪೈಪನ್ನು ಟ್ಯಾಂಕು ಮತ್ತು ಫ್ರೇಮಿನ ನಡುವೆ ಅಪ್ಪಚ್ಚಿ ಮಾಡಿದ್ದರು.

ಪೈಪಿನ ಕೆಲಸ ಒಳಕ್ಕೆ ಗಾಳಿ ಬಿಡುವುದಷ್ಟೇ ಅಲ್ಲ. ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ: 10 ಲೀಟರ್ ಪೆಟ್ರೋಲಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 200 ಮಿಲಿಲೀಟರ್ ಹೆಚ್ಚುತ್ತದೆ. ಕುತ್ತಿಗೆಯವರೆಗೆ ತುಂಬಿಸಿಕೊಂಡು ಬೈಕನ್ನು ಬಿಸಿಲಿಗೆ ನಿಲ್ಲಿಸಿದರೆ ಆ ಒಂದು ಲೋಟದಷ್ಟು ಪೆಟ್ರೋಲ್ ಹೊರಬರುವುದು ಈ ದಾರಿಯಲ್ಲೇ. ಆದ್ದರಿಂದ ಪೈಪಿನ ತುದಿ ಎಲ್ಲಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಕೆಳಕ್ಕೆ ಇಳಿಯುತ್ತದೆ. ಸೈಲೆನ್ಸರ್ ಮೇಲೆ ಬಾಯಿ ತೆರೆದಿರುವ ಪೈಪು ಬೆಂಕಿಗೆ ಆಹ್ವಾನ. ಹಿಂದಿನ ಟೈರಿನ ಮುಂದೆ ತೊಟ್ಟಿಕ್ಕುವ ಪೈಪು ತಿರುವಿನಲ್ಲಿ ಜಾರಿಸಲು ಸಾಕು. ಎಂಜಿನ್ನಿನ ಹಿಂದೆ, ಸೈಲೆನ್ಸರ್ ಇಲ್ಲದ ಪಕ್ಕದಲ್ಲಿ, ಚೈನಿಗೆ ತಾಗದಂತೆ ತುದಿ ಕೆಳಮುಖವಾಗಿರಬೇಕು. ತೀರ ನೆಲದ ಹತ್ತಿರ ಬೇಡ. ಕಾದ ಟ್ಯಾಂಕಿನ ಮೇಲೆ ಮಳೆ ಬಿದ್ದರೆ ಒಳಗಿನ ಆವಿ ಕುಗ್ಗಿ ಪೈಪು ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ತುದಿ ಹಳ್ಳದ ನೀರಿನಲ್ಲಿದ್ದರೆ ಏನನ್ನು ಎಳೆದುಕೊಂಡೀತೆಂದು ಬೇರೆ ಹೇಳಬೇಕಿಲ್ಲ. ತುದಿಯನ್ನು ಓರೆಯಾಗಿ ಕತ್ತರಿಸಿದರೆ ಕೆಸರು ಮೆತ್ತಿಕೊಂಡರೂ ಬಾಯಿ ಪೂರ್ತಿ ಮುಚ್ಚುವುದಿಲ್ಲ.

ದಾರಿ ಉದ್ದಕ್ಕೂ ಇಳಿಜಾರಾಗಿರಬೇಕು. ನಡುವೆ ಜೋತುಬಿದ್ದು ಮತ್ತೆ ಮೇಲೆದ್ದ ಪೈಪಿನಲ್ಲಿ ಪೆಟ್ರೋಲೋ ನೀರೋ ನಿಲ್ಲುತ್ತದೆ. ಆರಂಭದಲ್ಲಿ ಗಾಳಿ ಅದರೊಳಗೆ ಗುಳ್ಳೆಯೆಬ್ಬಿಸಿ ದಾಟುತ್ತದೆ; ಕ್ರಮೇಣ ಧೂಳು ಸೇರಿ ಅಂಟಾಗುತ್ತದೆ. ಪೈಪು ಉದ್ದವಾಗಿದ್ದರೆ ಸುರುಳಿ ಸುತ್ತಿ ಸೀಟಿನಡಿ ತುರುಕುವವರನ್ನು ಕಂಡಿದ್ದೇನೆ. ಕತ್ತರಿ ಯಾಕಿದೆಯೋ!

ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಪಾರದರ್ಶಕ ಪೈಪನ್ನು ಜೋಡಿಸುವುದೂ ಉಂಟು. ಪೆಟ್ರೋಲ್ ತಾಗಿ ತಾಗಿ ಅದು ಕಡ್ಡಿಯಂತೆ ಗಟ್ಟಿಯಾಗಿ ಸೀಳುತ್ತದೆ. ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪು ದುಬಾರಿಯೇನಲ್ಲ.

ಅನೇಕ ಬೈಕುಗಳಲ್ಲಿ ಟ್ಯಾಂಕಿನಡಿಯಿಂದ ಎರಡು ಪೈಪು ಹೊರಡುತ್ತವೆ. ಒಂದು ಉಸಿರಿನದು; ಇನ್ನೊಂದು ಮುಚ್ಚಳದ ಸುತ್ತ ನಿಲ್ಲುವ ಮಳೆನೀರನ್ನು ಇಳಿಸುವ ಚರಂಡಿ. ಬಿಎಸ್6 ಎಂಬ ಹೊಗೆ ನಿಯಮಕ್ಕೆ ತಕ್ಕಂತೆ ಮಾಡಿದ ಈಚಿನ ಬೈಕುಗಳಲ್ಲಿ ಉಸಿರುಪೈಪು ಹೊರಗೆ ತೆರೆದುಕೊಳ್ಳದೆ ಇದ್ದಿಲು ತುಂಬಿದ ಕ್ಯಾನಿಸ್ಟರ್ ಎಂಬ ಡಬ್ಬಿಗೆ ಹೋಗುತ್ತದೆ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಂಡು, ಎಂಜಿನ್ ಓಡುವಾಗ ಅದಕ್ಕೆ ಉಣಿಸುತ್ತದೆ. ಎರಡು ಪೈಪು ಅದಲುಬದಲಾದರೆ ಮಳೆನೀರು ಇದ್ದಿಲಿಗೆ ಹೋಗುತ್ತದೆ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಮೂವತ್ತು ವರ್ಷ ಈ ಕೆಲಸ ಮಾಡಿಯೂ ನಾನು ತೆಗೆಯುತ್ತೇನೆ. ಬಂಕಿನಲ್ಲಿ ‘ಇನ್ನೂ ಸ್ವಲ್ಪ ಹಾಕಿ’ ಎಂದು ಅಂಚಿನವರೆಗೆ ತುಂಬಿಸುವುದೂ ಈ ಬೈಕುಗಳಿಗೆ ಆಗದು. ಆವಿಯ ಬದಲು ಪೆಟ್ರೋಲೇ ಹರಿದು ಇದ್ದಿಲು ತೊಯ್ದು ಹಾಳಾಗುತ್ತದೆ. ಕೆಲವು ಬೈಕುಗಳಲ್ಲಿ ಬೈಕು ಉರುಳಿದಾಗ ಪೆಟ್ರೋಲ್ ಚೆಲ್ಲದಂತೆ ತಡೆಯುವ ಪುಟ್ಟ ವಾಲ್ವ್ ಈ ಪೈಪಿನ ನಡುವೆ ಇರುತ್ತದೆ. ಅದು ನೆಟ್ಟಗೆ ನಿಂತಿರಬೇಕು, ಗುರುತು ತೋರಿಸಿದ ದಿಕ್ಕಿನಲ್ಲೇ.

ಚರಂಡಿ ಪೈಪನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅದು ಕಟ್ಟಿಕೊಂಡರೆ ಮುಚ್ಚಳದ ಸುತ್ತ ನೀರು ನಿಂತು ಟ್ಯಾಂಕಿಗೆ ಇಳಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲಿಗೆ ನೀರೆಂದರೆ ಬಹಳ ಪ್ರೀತಿ. ನೀರು ಒಂದು ಮಿತಿ ಮೀರಿದರೆ ಎಥೆನಾಲ್ ಅದರ ಜೊತೆಗೂಡಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಕೂರುತ್ತದೆ, ಎಂಜಿನ್ನಿಗೆ ಮೊದಲು ಹೋಗುವುದೂ ತಳದ್ದೇ. ತೋಟದ ಮನೆಗಳಲ್ಲಿ ತಿಂಗಳುಗಟ್ಟಲೆ ನಿಂತ ಬೈಕುಗಳ ಪೈಪಿನಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುವುದನ್ನೂ ನೋಡಿದ್ದೇನೆ. ಅದನ್ನು ತೆಗೆಯಲು ಕಂಪ್ರೆಸರ್ ಬಳಸಬೇಡಿ, ಪೈಪನ್ನು ಬಾಯಿಗೂ ಇಡಬೇಡಿ. ಎರಡೂ ಕಡೆ ಕಳಚಿ ಸೈಕಲ್ ಪಂಪಿನಿಂದ ಮೆಲ್ಲಗೆ ಊದಿದರೆ ಸಾಕು.

ಆ ಹುಡುಗನ ಬೈಕಿಗೆ ಹೊಸ ಪೈಪು ಹಾಕಿ, ಟ್ಯಾಂಕಿನ ಬೋಲ್ಟ್ ಬಿಗಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ. ಅವನನ್ನೇ ಸೀಟಿನ ಮೇಲೆ ಕೂರಿಸಿ ನಾಲ್ಕು ಸಲ ಕುಕ್ಕಲು ಹೇಳಿ, ಟಾರ್ಚ್ ಹಿಡಿದು ಪೈಪು ಎಲ್ಲಿಯಾದರೂ ಮಡಚುತ್ತದೆಯೇ ಎಂದು ಕೆಳಗಿನಿಂದ ಇಣುಕಿದೆ. ಒಂದು ಕಡೆ ಮಡಚುತ್ತಿತ್ತು. ಟ್ಯಾಂಕು ಮತ್ತೆ ಇಳಿಸಿದೆ.