ಪೇಸ್‌ಮೇಕರ್ ತಂತಿ ಎಲ್ಲಿ ಕೂತಿದೆ?

1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ರೋಗಿ ಅರ್ನೆ ಲಾರ್ಸನ್ ಅವರ ಮೈಯೊಳಗೆ ಕೂರಿಸಿದ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಮುಂದೆ ಒಟ್ಟು 26 ಯಂತ್ರಗಳನ್ನು ಕಂಡ ಲಾರ್ಸನ್ 86 ವರ್ಷ ಬಾಳಿದರು. ಆರಂಭದ ವೈದ್ಯರಿಗೆ ಬೇಗ ಖಾಲಿಯಾಗುವ ಬ್ಯಾಟರಿ, ಹೃದಯಕ್ಕೆ ವಿದ್ಯುತ್ ಒಯ್ಯುವ ತಂತಿ ತುಂಡಾಗುವುದು, ಕೀವು ಇವುಗಳದ್ದೇ ಚಿಂತೆ. ಬಡಿತ ನಿಲ್ಲದಿದ್ದರೆ ಸಾಕಿತ್ತು.

ಅದೇ ವರ್ಷ ನ್ಯೂಯಾರ್ಕಿನಲ್ಲಿ ವೈದ್ಯ ಸೀಮೋರ್ ಫರ್ಮನ್ ಎದೆ ತೆರೆಯದೆ, ರಕ್ತನಾಳದ ಮೂಲಕವೇ ತಂತಿಯನ್ನು ಬಲ ಹೃತ್ಕುಕ್ಷಿಗೆ (ಹೃದಯದ ಕೆಳಗಿನ ಬಲ ಕೋಣೆಗೆ) ಇಳಿಸಿ ತೋರಿಸಿದ್ದರು. ಇದೇ ದಾರಿ ಬಳಕೆಗೆ ಬಂದ ಮೇಲೆ ತಂತಿಯ ಜಾಗ ಹೃತ್ಕುಕ್ಷಿಯ ತುದಿ ಎಂದಾಯಿತು. ಅಲ್ಲಿಗೆ ತಲುಪುವುದು ಸುಲಭ, ಅಲ್ಲಿನ ಸ್ನಾಯುಜಾಲದಲ್ಲಿ ತಂತಿ ಸಿಕ್ಕಿಕೊಂಡು ಭದ್ರವಾಗಿ ನಿಲ್ಲುತ್ತದೆ. ಹೃದಯಕ್ಕೆ ಅದು ಒಳ್ಳೆಯದೇ ಎಂಬ ಪ್ರಶ್ನೆ ಬಹುಕಾಲ ಹಿಂದೆಯೇ ಉಳಿಯಿತು.

ಸಹಜ ಬಡಿತದಲ್ಲಿ ವಿದ್ಯುತ್ ಸಂಕೇತ ಹಿಸ್ ಕಟ್ಟು ಎಂಬ ಹೆದ್ದಾರಿ ಹಿಡಿದು ಎರಡೂ ಹೃತ್ಕುಕ್ಷಿಗಳನ್ನು ಹೆಚ್ಚುಕಮ್ಮಿ ಒಟ್ಟಿಗೇ ಮುಟ್ಟುತ್ತದೆ. ಬಲತುದಿಯಿಂದ ಹೊರಟದ್ದು ಮಾತ್ರ ಸ್ನಾಯುವಿನೊಳಗೆ ನಿಧಾನವಾಗಿ ತೆವಳುತ್ತದೆ. ಎಡಭಾಗ ತಡವಾಗಿ ಕುಗ್ಗುತ್ತದೆ. ಈ ತಾಳ ತಪ್ಪುವಿಕೆ ವರ್ಷಗಟ್ಟಲೆ ನಡೆದರೆ ಕೆಲವರ ಹೃದಯ ಹಿಗ್ಗಿ, ರಕ್ತ ಪಂಪು ಮಾಡುವ ಶಕ್ತಿ ಕುಂದುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ದಶಕಗಳ ಕಾಲ ಏನೂ ಆಗದೆ ಇರುವವರೇ ಹೆಚ್ಚು.

ವಿಚಿತ್ರವೆಂದರೆ, ಹೃತ್ಕುಕ್ಷಿಗೆ ನೇರವಾಗಿ ವಿದ್ಯುತ್ ಕೊಟ್ಟರೆ ಕುಗ್ಗುವಿಕೆ ಕೆಡುತ್ತದೆಂದು ಶರೀರಶಾಸ್ತ್ರಜ್ಞ ಕಾರ್ಲ್ ವಿಗರ್ಸ್ 1925ರಲ್ಲೇ ಪ್ರಾಣಿಗಳಲ್ಲಿ ತೋರಿಸಿದ್ದರು. ರೋಗಿಗಳ ಮೇಲಿನ ಗಟ್ಟಿ ಪುರಾವೆಗೆ 2002ರ ಡೇವಿಡ್ (DAVID) ಎಂಬ ಅಧ್ಯಯನ ಬರಬೇಕಾಯಿತು. ಮೊದಲೇ ದುರ್ಬಲ ಹೃದಯವಿದ್ದು ಡಿಫಿಬ್ರಿಲೇಟರ್ (ಅಪಾಯದ ಬಡಿತಕ್ಕೆ ಶಾಕ್ ಕೊಡುವ, ಪೇಸ್‌ಮೇಕರ್ ಕೆಲಸವನ್ನೂ ಮಾಡುವ ಯಂತ್ರ) ಹಾಕಿಸಿಕೊಂಡವರಲ್ಲಿ, ಯಂತ್ರವನ್ನು ನಿಮಿಷಕ್ಕೆ ಕನಿಷ್ಠ 70 ಬಡಿತಕ್ಕೆ ಹೊಂದಿಸಿದ ಗುಂಪಿನ ಸ್ಥಿತಿಯೇ, ಬಡಿತ 40ಕ್ಕಿಂತ ಇಳಿದರೆ ಮಾತ್ರ ಯಂತ್ರ ನೆರವಾಗುವಂತೆ ಬಿಟ್ಟವರದ್ದಕ್ಕಿಂತ ಕೆಟ್ಟಿತು. ಮರುವರ್ಷ ಮೋಸ್ಟ್ (MOST) ಎಂಬ ಅಧ್ಯಯನದ ವಿಶ್ಲೇಷಣೆ, ಹೃತ್ಕುಕ್ಷಿಯ ಬಡಿತಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಯಂತ್ರದ್ದಾದರೆ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವ ಅಪಾಯ ಏರುತ್ತದೆಂದು ಗುರುತಿಸಿತು.

ಅಲ್ಲಿಂದ ಯಂತ್ರವನ್ನು ಅನಗತ್ಯವಾಗಿ ದುಡಿಸದ ಸೆಟ್ಟಿಂಗ್‌ಗಳು ಬಂದವು. ಬೇಕಾದವರಿಗೆ ಎರಡೂ ಹೃತ್ಕುಕ್ಷಿಗಳಿಗೆ ತಂತಿ. 2000ದಲ್ಲೇ ಹಿಸ್ ಕಟ್ಟಿಗೆ ನೇರ ತಂತಿ ಹಾಕಿದ ವರದಿ ಬಂದಿತ್ತು. 2017ರಲ್ಲಿ ಚೀನಾದ ವೈದ್ಯರು ಹಿಸ್ ಕಟ್ಟಿನ ಎಡ ಕವಲನ್ನು ಹಿಡಿದ ವಿಧಾನ ಪ್ರಕಟಿಸಿದರು, ಹಿಸ್ ಕಟ್ಟಿಗೆ ನೇರ ತಂತಿ ಹಾಕುವುದಕ್ಕಿಂತ ಈಗ ಅದೇ ಹೆಚ್ಚು ಚಾಲ್ತಿಯಲ್ಲಿದೆ.

ಪೇಸ್‌ಮೇಕರ್ ಇರುವವರಿಗೆ ವರ್ಷಗಳ ನಂತರ ಏದುಸಿರು, ಕಾಲೂತ ಶುರುವಾದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುವುದು ನಮ್ಮಲ್ಲಿ ಸಾಮಾನ್ಯ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ನೋಡಬಹುದು. ಯಂತ್ರದ ತಪಾಸಣೆಯಲ್ಲಿ ಬ್ಯಾಟರಿಯ ಜೊತೆಗೆ ಹೃತ್ಕುಕ್ಷಿಗೆ ಶೇಕಡಾ ಎಷ್ಟು ಬಡಿತ ಯಂತ್ರದ್ದು ಎಂಬ ಅಂಕಿಯೂ ಸಿಗುತ್ತದೆ. ಅದನ್ನು ಕೇಳಿ ಪಡೆಯಬೇಕು.