‘ರಿಸೂಪಿನೇಟ್’ ಅಂದರೆ ಬರೀ ತಲೆಕೆಳಗು ಅಂತಲೇ?

ಪ್ರಶ್ನೆ: ನಮ್ಮ ತೋಟದ ನೆರಳು ಮರಗಳ ಮೇಲೆ ಬೆಳೆಯುವ ಆರ್ಕಿಡ್‌ಗಳ ಬಗ್ಗೆ ಓದುವಾಗ ‘ರಿಸೂಪಿನೇಟ್’ ಎಂಬ ಇಂಗ್ಲಿಷ್ ವಿಶೇಷಣ ಮತ್ತೆ ಮತ್ತೆ ಬರುತ್ತದೆ. ನಿಘಂಟಿನಲ್ಲಿ ‘ತಲೆಕೆಳಗಾದ’ ಎಂದಿದೆ. ಆದರೆ ಹೂವು ನೆಟ್ಟಗೇ ಇದೆಯಲ್ಲ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹೂವು ನೆಟ್ಟಗೆ ಕಾಣುವುದೇ ಅದು ಮಗುಚಿಕೊಂಡಿರುವುದರಿಂದ.

ಆರ್ಕಿಡ್‌ನ ಮೂರು ದಳಗಳಲ್ಲಿ ಒಂದರ ರೂಪವೇ ಬೇರೆ. ಅದಕ್ಕೆ ತುಟಿ ಎನ್ನುತ್ತಾರೆ. ಎಳೆ ಮೊಗ್ಗಿನಲ್ಲಿ ಈ ತುಟಿ ಮೇಲುಗಡೆ ಇರುತ್ತದೆ. ಮೊಗ್ಗು ಬಲಿಯುತ್ತಾ ಬಂದಂತೆ ತೊಟ್ಟು ಅಥವಾ ಅಂಡಾಶಯ ಮೆಲ್ಲಗೆ 180 ಡಿಗ್ರಿ ತಿರುಚಿಕೊಳ್ಳುತ್ತದೆ. ಹೂವು ಅರಳುವ ಹೊತ್ತಿಗೆ ತುಟಿ ಕೆಳಗೆ ಬಂದು, ಪರಾಗ ಒಯ್ಯುವ ಕೀಟಕ್ಕೆ ಕೂರುವ ಜಗಲಿಯಾಗುತ್ತದೆ. ಹೆಚ್ಚಿನ ಆರ್ಕಿಡ್‌ಗಳು ಹೀಗೇ.

ಮಳೆಗಾಲದಲ್ಲಿ ಕೊಡಗಿನ ಹುಲ್ಲುಗುಡ್ಡಗಳಲ್ಲಿ ಬಿಳಿ ಹೂ ಬಿಡುವ ಹ್ಯಾಬೆನೇರಿಯಾ ಎಂಬ ಆರ್ಕಿಡ್ ಸಿಕ್ಕರೆ ಕೀಳಬೇಡಿ, ಬಗ್ಗಿ ಹೂವಿನ ಹಿಂಬದಿ ನೋಡಿ. ತೊಟ್ಟಿನಂತೆ ಕಾಣುವ ಉದ್ದನೆಯ ಭಾಗ ನಿಜಕ್ಕೂ ಅಂಡಾಶಯ. ಅದರ ಮೇಲಿನ ಏಣುಗಳು ನೇರವಾಗಿಲ್ಲ, ಓರೆಯಾಗಿ ಸುತ್ತಿಕೊಂಡಿವೆ. ‘ರಿಸೂಪಿನೇಟ್’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವಿವರಣೆ ಯಾವ ನಿಘಂಟಿನಲ್ಲೂ ಸಿಗದು.

ಹೀಗಾಗಿ ಹೂವಿನ ಮಟ್ಟಿಗೆ ಈ ಪದ ಭಂಗಿಯನ್ನಲ್ಲ, ತಿರುಗಿದ ಕ್ರಿಯೆಯನ್ನು ಹೇಳುತ್ತದೆ. ಎರಡು ಉದಾಹರಣೆ ಕೊಡುತ್ತೇನೆ. ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲಿನ ಸಟೀರಿಯಂ ಎಂಬ ಆರ್ಕಿಡ್‌ನ ಹೂವಿನಲ್ಲಿ ತುಟಿ ಮೇಲೇ ಉಳಿದಿರುತ್ತದೆ; ಹೂವು ತಿರುಗಿಲ್ಲ, ಹಾಗಾಗಿ ಅದು ರಿಸೂಪಿನೇಟ್ ಅಲ್ಲ. ಯುರೋಪಿನ ಜೌಗುನೆಲದ ಪುಟ್ಟ ಆರ್ಕಿಡ್ ಒಂದರಲ್ಲೂ ತುಟಿ ಮೇಲೇ ಇದೆ. ಆದರೆ ಅದು ಪೂರ್ತಿ 360 ಡಿಗ್ರಿ ಸುತ್ತಿ ಅಲ್ಲಿಗೇ ಮರಳಿದೆ. ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಆರ್ಕಿಡ್‌ಗಳ ಪರಾಗಸ್ಪರ್ಶದ ಬಗ್ಗೆ ಬರೆದಾಗ ಈ ಹೂವಿನ ತಿರುಚನ್ನು ಗುರುತಿಸಿದ್ದ. ಎದುರಿನಿಂದ ನೋಡಿದರೆ ಎರಡರಲ್ಲೂ ತುಟಿ ಮೇಲೆ. ಬಂದ ದಾರಿ ಮಾತ್ರ ಬೇರೆ ಬೇರೆ. ಗೊಂಚಲು ಕೆಳಕ್ಕೆ ಜೋತುಬೀಳುವ ಕೆಲವು ಜಾತಿಗಳಿಗಂತೂ ತಿರುಚಿಕೊಳ್ಳುವ ಅಗತ್ಯವೇ ಇಲ್ಲ, ತುಟಿ ತಾನಾಗಿಯೇ ಕೆಳಗಿರುತ್ತದೆ.

ಪದದ ಮೂಲ ಲ್ಯಾಟಿನ್. ‘ಸುಪೈನಸ್’ ಅಂದರೆ ಅಂಗಾತ, ‘ರಿ’ ಅಂದರೆ ಹಿಂದಕ್ಕೆ. ಅಣಬೆ ಶಾಸ್ತ್ರ ಈ ‘ಅಂಗಾತ’ಕ್ಕೇ ಹತ್ತಿರ ನಿಂತಿದೆ. ಕೊಡೆಯೂ ಕಾಲೂ ಇಲ್ಲದೆ, ಬಿದ್ದ ಮರಕ್ಕೆ ಬೆನ್ನು ಅಂಟಿಸಿ, ಬೀಜಕಣ ಬಿಡುವ ಮೈಯನ್ನು ಹೊರಕ್ಕೆ ಮಾಡಿ ಹರಡುವ ಅಣಬೆಗಳನ್ನೂ ರಿಸೂಪಿನೇಟ್ ಎನ್ನುತ್ತಾರೆ. ಅಲ್ಲಿ ತಿರುಚಿನ ಮಾತೇ ಇಲ್ಲ.

ಇನ್ನು ದಿನಬಳಕೆಯ ಮಾತು. ಘಾಟಿಯಲ್ಲಿ ಮಗುಚಿಬಿದ್ದ ಜೀಪಿಗೋ ತಿರುವುಮುರುವಾದ ತೀರ್ಪಿಗೋ ಇದನ್ನು ಹಚ್ಚಬೇಡಿ. ಇಂಗ್ಲಿಷ್‌ನವರೂ ಹಾಗೆ ಬಳಸುವುದಿಲ್ಲ. ಅಲ್ಲಿಗೆ ‘ಓವರ್‌ಟರ್ನ್ಡ್’, ‘ರಿವರ್ಸ್ಡ್’ ಸಾಕು. ಕನ್ನಡದಲ್ಲಿ ಹೂವಿನ ವಿಷಯ ಬರೆಯುವಾಗ ನಾನಾದರೆ ‘ತಲೆಕೆಳಗಾದ ಹೂ’ ಎನ್ನದೆ ‘ತೊಟ್ಟು ತಿರುಚಿ ಮಗುಚಿಕೊಂಡ ಹೂ’ ಎಂದೇ ಬರೆಯುತ್ತೇನೆ. ಉದ್ದವಾದರೂ ಚಿಂತೆಯಿಲ್ಲ, ಓದಿದವರು ಹೂವಿನ ಹಿಂಬದಿ ನೋಡುತ್ತಾರೆ.